ಅಂಚೆಚೀಟಿಯ ಮೇಲಿನ ಮಹನೀಯರು: ಮಲೆನಾಡಿನ ಮನೆಯಲ್ಲಿ ಸಂಗ್ರಹ ಕಟ್ಟುವ ಬಗೆ

ಮಲೆನಾಡಿನ ಹಳೆಯ ಮನೆಗಳಲ್ಲಿ ಬಂದ ಕಾಗದಗಳನ್ನು ಕೊಕ್ಕೆಯಂತೆ ಬಾಗಿಸಿದ ತಂತಿಗೆ ಚುಚ್ಚಿ ಗೋಡೆಗೆ ನೇತುಹಾಕುವ ರೂಢಿಯಿತ್ತು. ತಂತಿ ತುಂಬಿದ ಮೇಲೆ ಆ ಕಟ್ಟು ಹಾಗೆಯೇ ಟ್ರಂಕಿಗೆ, ಟ್ರಂಕು ಅಟ್ಟಕ್ಕೆ ಸೇರುತ್ತಿತ್ತು. ಅಂಚೆಚೀಟಿಗಳಲ್ಲಿ ಮೂಡಿಬಂದ ಮಹನೀಯರ ಸಂಗ್ರಹವನ್ನು ಆರಂಭಿಸಬೇಕೆಂದಿರುವವರು ದುಡ್ಡು ಕೊಟ್ಟು ಏನನ್ನಾದರೂ ಕೊಳ್ಳುವ ಮೊದಲು ಮಾಡಬೇಕಾದ ಕೆಲಸವೆಂದರೆ ಆ ಟ್ರಂಕನ್ನು ಕೆಳಗಿಳಿಸುವುದು. ಶಿವಮೊಗ್ಗದ ಅಡಿಕೆ ಮಂಡಿಯಿಂದ ಬಂದ ಲೆಕ್ಕದ ಕಾಗದ, ಮದುವೆಯ ಕರೆಯೋಲೆ, ಓದಲೆಂದು ಊರು ಬಿಟ್ಟ ಮಗ ಬರೆದ ಕ್ಷೇಮ ಸಮಾಚಾರ, ಇವುಗಳ ಲಕೋಟೆಗಳ ಬಲ ಮೂಲೆಯಲ್ಲಿ ನಾಲ್ಕಾರು ಮುಖಗಳಾದರೂ ಸಿಕ್ಕೇ ಸಿಗುತ್ತವೆ. ಕೆಲವದರ ಹಣೆಗೆ ತಂತಿಯ ತೂತು ಬಿದ್ದಿರುತ್ತದೆ, ಅದಕ್ಕಾಗಿ ಎಸೆಯಬೇಕಾಗಿಲ್ಲ.

ಯಾವ ಮುಖ ಸಿಗುತ್ತದೆ, ಯಾವುದು ಸಿಗುವುದಿಲ್ಲ ಎಂಬುದನ್ನು ಬಹುಮಟ್ಟಿಗೆ ಚೀಟಿಯ ಬೆಲೆಯೇ ನಿರ್ಧರಿಸಿರುತ್ತದೆ. ಸರ್ ಎಂ. ವಿಶ್ವೇಶ್ವರಯ್ಯನವರ ಚೀಟಿ 1960ರ ಸೆಪ್ಟೆಂಬರ್ 15ರಂದು, ಅಂದರೆ ಅವರ ಹುಟ್ಟುಹಬ್ಬದ ದಿನ ಬಂತು. ಪುರಂದರದಾಸರದು 1964ರಲ್ಲಿ, ಬಸವಣ್ಣನವರದು 1967ರಲ್ಲಿ. ಈ ಮೂರೂ ಹದಿನೈದು ಪೈಸೆಯವು, ಆ ವರ್ಷಗಳಲ್ಲಿ ಸಾಮಾನ್ಯ ಕಾಗದವೊಂದನ್ನು ಕಳುಹಿಸಲು ತಗಲುತ್ತಿದ್ದ ದರವೂ ಅಷ್ಟೇ. ಹಾಗೆಯೇ 1977ರ ಕಿತ್ತೂರು ರಾಣಿ ಚೆನ್ನಮ್ಮನ ಇಪ್ಪತ್ತೈದು ಪೈಸೆಯ ಚೀಟಿ ಅಂದಿನ ಕಾಗದದ ದರಕ್ಕೆ ಸರಿಹೊಂದುತ್ತಿತ್ತು. 1974ರ ಟಿಪ್ಪು ಸುಲ್ತಾನನ ಚೀಟಿ ಮಾತ್ರ ಐವತ್ತು ಪೈಸೆಯದಾದ್ದರಿಂದ ಮನೆಯ ಸಾಮಾನ್ಯ ಕಾಗದಗಳಲ್ಲಿ ಅದು ಸಿಗುವ ಸಂಭವ ಕಡಿಮೆ; ತೂಕದ ಲಕೋಟೆಗಳಲ್ಲಿ, ರಿಜಿಸ್ಟರ್ ಮಾಡಿದ ದಾಖಲೆಗಳಲ್ಲಿ ಹುಡುಕಬೇಕು. ದರದ ಈ ಲೆಕ್ಕ ತಿಳಿದಿದ್ದರೆ ಹುಡುಕಾಟದ ಅರ್ಧ ಕೆಲಸ ಮುಗಿದಂತೆ.

ಸಿಕ್ಕ ಕೂಡಲೇ ಚೀಟಿಯನ್ನು ಬಿಡಿಸಬಾರದು. ನಾನು ಹೈಸ್ಕೂಲಿನಲ್ಲಿದ್ದಾಗ ಅಜ್ಜನಿಗೆ ಬಂದಿದ್ದ ಲಕೋಟೆಯೊಂದರಿಂದ ವಿಶ್ವೇಶ್ವರಯ್ಯನವರ ಚೀಟಿಯನ್ನು ನೀರಿಗೆ ಹಾಕಿ ಬಿಡಿಸಿ, ಲಕೋಟೆಯನ್ನು ಬಚ್ಚಲೊಲೆಗೆ ಹಾಕಿದ್ದೆ. ಆ ಲಕೋಟೆಯ ಮೇಲೆ ಭದ್ರಾವತಿಯ ಅಂಚೆಮುದ್ರೆ ಇತ್ತು ಎಂಬುದು, ಚೀಟಿಯ ಮೂಲೆಯಲ್ಲಿ ಉಳಿದ ಮುದ್ರೆಯ ಅರ್ಧ ವೃತ್ತದಲ್ಲಿ ಊರಿನ ಹೆಸರಿನ ಮೂರು ಅಕ್ಷರ ಕಂಡಾಗ, ಎಷ್ಟೋ ವರ್ಷಗಳ ನಂತರ ಗೊತ್ತಾಯಿತು. ದಿವಾನರಾಗಿದ್ದಾಗ ವಿಶ್ವೇಶ್ವರಯ್ಯನವರೇ ಯೋಜನೆ ಹಾಕಿದ ಕಬ್ಬಿಣದ ಕಾರ್ಖಾನೆ ಭದ್ರಾವತಿಯಲ್ಲಿ 1923ರಲ್ಲಿ ಉತ್ಪಾದನೆ ಆರಂಭಿಸಿತು. ಮುಂದೆ ಅದಕ್ಕೆ ಅವರದೇ ಹೆಸರು ಬಂತು. ಅವರ ಚೀಟಿಯ ಮೇಲೆ ಆ ಊರಿನ ಮುದ್ರೆ ಬಿದ್ದ ಇಡೀ ಲಕೋಟೆ ಎಂದರೆ ಬಿಡಿ ಚೀಟಿಗಿಂತ ಎಷ್ಟೋ ಪಾಲು ಹೆಚ್ಚಿನದು. ಆದ್ದರಿಂದ ಮುದ್ರೆ ಸ್ಪಷ್ಟವಾಗಿದ್ದರೆ, ಊರು ಮತ್ತು ತಾರೀಖು ಓದಲು ಬರುವಂತಿದ್ದರೆ, ಲಕೋಟೆಯನ್ನು ಇಡಿಯಾಗಿಯೇ ಇಟ್ಟುಕೊಳ್ಳಬೇಕು. ಇನ್‌ಲ್ಯಾಂಡ್ ಪತ್ರ ಮತ್ತು ಪೋಸ್ಟ್‌ಕಾರ್ಡುಗಳ ಮೇಲೆ ಅಚ್ಚಾಗಿಯೇ ಬಂದ ಚೀಟಿಯನ್ನಂತೂ ಕತ್ತರಿಸಲೇಬಾರದು.

ಮುದ್ರೆ ಕಲಸಿಹೋಗಿದ್ದು ಲಕೋಟೆಯೂ ಹರಿದಿದ್ದರೆ ಮಾತ್ರ ಬಿಡಿಸಬಹುದು. ಚೀಟಿಯ ಸುತ್ತ ಬೆರಳಗಲ ಕಾಗದ ಬಿಟ್ಟು ಕತ್ತರಿಸಿ, ಅಗಲವಾದ ತಟ್ಟೆಯಲ್ಲಿ ಉಗುರು ಬೆಚ್ಚಗಿನ ನೀರಿಟ್ಟು ತೇಲಿಬಿಡಬೇಕು. ಬಣ್ಣದ ಲಕೋಟೆಯ ತುಂಡುಗಳನ್ನು ಬೇರೆ ತಟ್ಟೆಗೆ ಹಾಕದಿದ್ದರೆ ಒಂದರ ಬಣ್ಣ ಮತ್ತೊಂದಕ್ಕೆ ಹತ್ತುತ್ತದೆ. ಅಂಟು ಕರಗಿದಾಗ ಚೀಟಿ ತಾನಾಗಿಯೇ ಜಾರುತ್ತದೆ. ಎಳೆಯುವ ಅವಸರ ಮಾಡಿದರೆ ತೆಳುವಾದ ಭಾಗ ಕಾಗದಕ್ಕೇ ಅಂಟಿ ಉಳಿದು, ಬೆಳಕಿಗೆ ಹಿಡಿದಾಗ ಮಬ್ಬು ಕಿಟಕಿಯಂತೆ ಕಾಣುತ್ತದೆ. ಆಮೇಲೆ ಶುದ್ಧ ನೀರಿನಲ್ಲಿ ಒಮ್ಮೆ ಅದ್ದಿ, ಚಿತ್ರದ ಮುಖವನ್ನು ಕೆಳಗೆ ಮಾಡಿ ಬ್ಲಾಟಿಂಗ್ ಪೇಪರಿನ ಮೇಲೆ ಆರಲು ಬಿಟ್ಟು, ಆರಿದ ಬಳಿಕ ದಪ್ಪ ಪುಸ್ತಕದ ನಡುವೆ ಒಂದೆರಡು ದಿನ ಇಡಬೇಕು. ಸ್ಟಿಕ್ಕರಿನಂತೆ ಅಂಟಿಸುವ ಚೀಟಿಗಳು ನೀರಿಗೆ ಸುಲಭವಾಗಿ ಬಿಡುವುದಿಲ್ಲವಾದ್ದರಿಂದ ಅವನ್ನು ಕಾಗದದ ಸಮೇತ ಇಡುವುದೇ ಲೇಸು. ಆರಿದ್ರಾ ಮಳೆ ಹಿಡಿದ ಮೇಲೆ ಈ ಕೆಲಸಕ್ಕೆ ಕೈಹಾಕಬಾರದು: ತೀರ್ಥಹಳ್ಳಿ, ಹೊಸನಗರದ ಕಡೆ ಆಗ ಹಾಸಿದ ಬಟ್ಟೆಯೇ ಒಣಗುವುದಿಲ್ಲ, ಚೀಟಿ ಒಣಗೀತೇ?

ಮಳೆಗಾಲವೇ ನಮ್ಮ ಕಡೆಯ ಸಂಗ್ರಹಕಾರನ ದೊಡ್ಡ ಶತ್ರು. ಬಳಸದ ಹೊಸ ಚೀಟಿಗಳ ಹಿಂಬದಿಯ ಅಂಟು ತೇವ ಎಳೆದುಕೊಂಡು ಒಂದಕ್ಕೊಂದು ಮೆತ್ತಿಕೊಳ್ಳುತ್ತದೆ. ಬಳಸಿದವುಗಳ ಅಂಚಿನ ಹಲ್ಲುಗಳ ಬಳಿ ತುಕ್ಕಿನ ಬಣ್ಣದ ಚುಕ್ಕೆಗಳು ಏಳುತ್ತವೆ. ಚುಕ್ಕೆ ಎದ್ದ ಚೀಟಿಯನ್ನು ಕಂಡ ಕೂಡಲೇ ಉಳಿದವುಗಳಿಂದ ಬೇರ್ಪಡಿಸಬೇಕು, ಏಕೆಂದರೆ ಬೂಷ್ಟು ಪಕ್ಕದ ಚೀಟಿಗೂ ಹಬ್ಬುತ್ತದೆ. ಆಲ್ಬಮನ್ನು ಜಂಬಿಟ್ಟಿಗೆ ಗೋಡೆಗೆ ತಾಗಿಸದೆ, ಒಂದರ ಮೇಲೊಂದು ಹೇರದೆ, ಕಬ್ಬಿಣದ ಬೀರುವಿನಲ್ಲಿ ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ, ಪಕ್ಕದಲ್ಲಿ ತೇವ ಹೀರುವ ಸಿಲಿಕಾ ಜೆಲ್ಲಿನ ಪೊಟ್ಟಣ ಇಡುವುದು ನಾನು ಕಂಡಂತೆ ಅತ್ಯುತ್ತಮ ಉಪಾಯ. ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆ ಎಂದು ಅಲ್ಲಿಡುವವರಿದ್ದಾರೆ. ತೇವವೇನೋ ತಪ್ಪುತ್ತದೆ, ಆದರೆ ಹೊಗೆಗೆ ಕಾಗದ ಕಂದುತ್ತದೆ. ಅಂಟಿನ ರುಚಿ ಹತ್ತಿದ ಬೆಳ್ಳಿಹುಳುಗಳೂ ಬಿಡುವುದಿಲ್ಲ. ಚೀಟಿಗಳನ್ನು ಬೆರಳಿನಿಂದ ಮುಟ್ಟದೆ ಚಪ್ಪಟೆ ತುದಿಯ ಚಿಮಟದಿಂದಲೇ ಎತ್ತಬೇಕು, ಬೆವರಿನ ಜಿಡ್ಡು ಬೂಷ್ಟಿಗೆ ದಾರಿ ಮಾಡಿಕೊಡುತ್ತದೆ. ಸೆಲ್ಲೋಟೇಪು, ಗೋಂದು, ಫೋಟೊ ಆಲ್ಬಮಿನ ಅಂಟುಹಾಳೆ, ಈ ಮೂರೂ ವರ್ಜ್ಯ.

ಇನ್ನು ಯಾರನ್ನು ಸೇರಿಸಬೇಕೆಂಬ ಪ್ರಶ್ನೆ. ಸ್ವತಂತ್ರ ಭಾರತದ ಚೀಟಿಯ ಮೇಲೆ ಮೊದಲು ಬಂದ ಭಾರತೀಯರು ಗಾಂಧೀಜಿ. 1948ರ ಆಗಸ್ಟ್ 15ರಂದು ಬಂದ ಆ ನಾಲ್ಕು ಚೀಟಿಗಳು ಸ್ವಿಟ್ಜರ್ಲೆಂಡಿನಲ್ಲಿ ಅಚ್ಚಾದವು. ಅವುಗಳಲ್ಲಿ ಹತ್ತು ರೂಪಾಯಿಯದಕ್ಕೆ ಬೆಲೆ ಹೆಚ್ಚಾದ್ದರಿಂದ ನಕಲಿಗಳೂ ಬಹಳ. ಹೊಸಬರು ಅದನ್ನು ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳಬಾರದು. 1952ರಲ್ಲಿ ಕಬೀರ, ತುಳಸಿದಾಸ, ಮೀರಾ, ಸೂರದಾಸ, ಗಾಲಿಬ್, ಟಾಗೋರ್ ಬಂದರು. ಬದುಕಿರುವವರ ಚೀಟಿ ತರಬಾರದೆಂಬುದು ಸಾಮಾನ್ಯ ಪದ್ಧತಿ. 1958ರಲ್ಲಿ ಧೋಂಡೊ ಕೇಶವ ಕರ್ವೆ, 1960ರಲ್ಲಿ ವಿಶ್ವೇಶ್ವರಯ್ಯ, 1980ರಲ್ಲಿ ಮದರ್ ತೆರೇಸಾ, 2013ರಲ್ಲಿ ಸಚಿನ್ ತೆಂಡೂಲ್ಕರ್ ಅದಕ್ಕೆ ಅಪವಾದಗಳು. ಈ ಪದ್ಧತಿಯನ್ನು ಮನಸ್ಸಿನಲ್ಲಿಟ್ಟುಕೊಂಡು 1997ರ ಕನ್ನಡ ಜ್ಞಾನಪೀಠ ಪುರಸ್ಕೃತರ ಚೀಟಿಯನ್ನು ನೋಡಿದರೆ ಸ್ವಾರಸ್ಯ ಕಾಣುತ್ತದೆ. ಅದರಲ್ಲಿರುವವರು ಕುವೆಂಪು, ಬೇಂದ್ರೆ, ಮಾಸ್ತಿ ಮತ್ತು ಗೋಕಾಕ್. ಅಷ್ಟರೊಳಗೆ ಪ್ರಶಸ್ತಿ ಪಡೆದಿದ್ದ ಶಿವರಾಮ ಕಾರಂತರೂ ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯ ಅನಂತಮೂರ್ತಿಯವರೂ ಆಗ ನಮ್ಮ ನಡುವೆ ಬದುಕಿದ್ದರು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಅಂಚೆ ಇಲಾಖೆ ಸ್ಥಳೀಯ ಸಮಾರಂಭಗಳಲ್ಲಿ ವಿಶೇಷ ಲಕೋಟೆಗಳನ್ನು ಬಿಡುಗಡೆ ಮಾಡುತ್ತದೆ. ಮರುದಿನ ಊರೆಲ್ಲ ‘ಅಂಚೆಚೀಟಿ ಬಂತು’ ಎಂದೇ ಮಾತಾಡಿಕೊಳ್ಳುತ್ತದೆ. ವಿಶೇಷ ಲಕೋಟೆಯಲ್ಲಿ ವ್ಯಕ್ತಿಯ ಚಿತ್ರ ಲಕೋಟೆಯ ಮೇಲಿರುತ್ತದೆ, ಅಂಟಿಸಿದ ಚೀಟಿ ಬೇರೆ ಯಾವುದೋ ಆಗಿರುತ್ತದೆ. ಹಣ ಕಟ್ಟಿ ಯಾರು ಬೇಕಾದರೂ ತಮ್ಮ ಭಾವಚಿತ್ರ ಹಾಕಿಸಿಕೊಳ್ಳಬಹುದಾದ ‘ಮೈ ಸ್ಟ್ಯಾಂಪ್’ ಮತ್ತೂ ಬೇರೆ. ಇವೆರಡನ್ನೂ ಸಂಗ್ರಹಿಸಬಾರದೆಂದಲ್ಲ, ಆದರೆ ದೇಶವೇ ಸ್ಮರಣಾರ್ಥವಾಗಿ ತಂದ ಚೀಟಿಗಳ ಪುಟದಲ್ಲಿ ಬೆರೆಸಬಾರದು.

ಸಂಗ್ರಹವನ್ನು ಜೋಡಿಸುವಾಗ ವರ್ಷಾನುಕ್ರಮ ಹಿಡಿಯುವವರೇ ಹೆಚ್ಚು. ನನಗೆ ಮಾತ್ರ ಊರಿನಿಂದ ಹೊರಡುವ ಜೋಡಣೆಯೇ ಹಿಡಿಸುತ್ತದೆ: ಮೊದಲು ನಮ್ಮ ಶಿವಮೊಗ್ಗ ಜಿಲ್ಲೆಯ ನಂಟಿನವರು, ನಂತರ ದಾಸರು ಮತ್ತು ಶರಣರು, ಆಮೇಲೆ ಸಂಗೀತಗಾರರು. ಸಂಗೀತಗಾರರಿಗೆ 2014ರ ಒಂದೇ ಸರಣಿ ಸಾಕು, ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನ್ಸೂರ್, ಕುಮಾರ ಗಂಧರ್ವ ನಾಲ್ವರೂ ಅದರಲ್ಲಿದ್ದಾರೆ. 2009ರ ನವೆಂಬರ್ 1ರಂದು ಬಂದ ಡಾ. ರಾಜ್‌ಕುಮಾರ್ ಅವರ ಚೀಟಿಗೆ ಯಾವ ಪುಟವಾದರೂ ಸಲ್ಲುತ್ತದೆ.

ನಮ್ಮ ಜಿಲ್ಲೆಯ ಪುಟಕ್ಕೆ ಮ್ಯಾಕ್ಸಿಮಮ್ ಕಾರ್ಡ್ ಎಂಬ ಬಗೆಯನ್ನು ಮಾಡಿ ನೋಡಬಹುದು. ಚೀಟಿಯಲ್ಲಿರುವ ವ್ಯಕ್ತಿಗೆ ಸಂಬಂಧಿಸಿದ ಚಿತ್ರದ ಕಾರ್ಡು, ಅದರ ಚಿತ್ರದ ಬದಿಯ ಮೇಲೆಯೇ ಚೀಟಿ, ಚೀಟಿಯ ಮೇಲೆ ಅದೇ ಸಂಬಂಧದ ಊರಿನ ಮುದ್ರೆ, ಈ ಮೂರೂ ಕೂಡಬೇಕು. ಕುಪ್ಪಳಿಯ ಕವಿಮನೆಯ ಚಿತ್ರದ ಕಾರ್ಡಿಗೆ 2017ರ ಲೇಖಕರ ಸರಣಿಯಲ್ಲಿ ಬಂದ ಕುವೆಂಪು ಚೀಟಿಯನ್ನು ಅಂಟಿಸಿ, ಅವರ ಜನ್ಮದಿನವಾದ ಡಿಸೆಂಬರ್ 29ರಂದು ತೀರ್ಥಹಳ್ಳಿಯ ಮುದ್ರೆ ಹಾಕಿಸಿದರೆ ಅದೊಂದು ಪೂರ್ಣವಾದ ವಸ್ತು. ಅಂಚೆ ಕಚೇರಿಗೆ ಬೆಳಗಿನ ನೂಕುನುಗ್ಗಲು ಕಳೆದ ಮೇಲೆ ಹೋಗಿ, ಕಾರ್ಡನ್ನು ಗಟ್ಟಿಯಾದ ರಟ್ಟಿನ ಮೇಲಿಟ್ಟು ಕೊಟ್ಟು, ‘ಮುಖ ಬಿಟ್ಟು ಮೂಲೆಗೆ ಹೊಡೀರಿ ಸಾರ್, ಊರಿನ ಹೆಸರು ಓದೋ ಹಾಗೆ ಬರ್ಲಿ’ ಎಂದು ಕೇಳಿಕೊಳ್ಳಬೇಕು. ಶಾಯಿಯ ದಿಂಡು ಒಣಗಿದೆಯೇ ಎಂದು ಮೊದಲು ಬಿಳಿ ಹಾಳೆಯ ಮೇಲೊಂದು ಹೊಡೆಸಿ ನೋಡುವುದು ಒಳ್ಳೆಯದು. ಶಾಯಿ ಆರುವವರೆಗೆ ಕಾರ್ಡನ್ನು ಚೀಲಕ್ಕೆ ಹಾಕಬಾರದು.

ಹೊಸ ಚೀಟಿಗಳು ತಪ್ಪದೆ ಬರಬೇಕೆಂದರೆ ಅಂಚೆ ಇಲಾಖೆಯಲ್ಲಿ ಫಿಲಾಟೆಲಿ (ಅಂದರೆ ಅಂಚೆಚೀಟಿ ಸಂಗ್ರಹ) ಠೇವಣಿ ಖಾತೆ ತೆರೆಯಬಹುದು. ಕಟ್ಟಿದ ಹಣದಿಂದ ಮುರಿದುಕೊಂಡು ಹೊಸ ಬಿಡುಗಡೆಗಳನ್ನು ಕಳುಹಿಸಿಕೊಡುತ್ತಾರೆ. ಆರರಿಂದ ಒಂಬತ್ತನೆಯ ತರಗತಿಯ ಮಕ್ಕಳಿಗೆ ‘ದೀನದಯಾಳ್ ಸ್ಪರ್ಶ್’ ಎಂಬ ವಿದ್ಯಾರ್ಥಿವೇತನವಿದ್ದು, 2017ರಲ್ಲಿ ಆರಂಭವಾದಾಗ ಅದರ ಮೊತ್ತ ವರ್ಷಕ್ಕೆ 6,000 ರೂಪಾಯಿ ಎಂದು ನಿಗದಿಯಾಗಿತ್ತು. ಅರ್ಜಿ ಹಾಕಲು ಶಾಲೆಯ ಫಿಲಾಟೆಲಿ ಕ್ಲಬ್ಬಿನ ಸದಸ್ಯತ್ವವಾಗಲಿ ಸ್ವಂತ ಠೇವಣಿ ಖಾತೆಯಾಗಲಿ ಇರಬೇಕು. ಪ್ರತಿ ಚೀಟಿಯ ಜೊತೆಗೆ ಬರುವ ಮಾಹಿತಿ ಪತ್ರವನ್ನೂ ಕೊಂಡಿಡಬೇಕು, ವ್ಯಕ್ತಿಯ ಪರಿಚಯದ ಜೊತೆಗೆ ಎಷ್ಟು ಪ್ರತಿ ಅಚ್ಚಾಯಿತು, ಎಲ್ಲಿ ಅಚ್ಚಾಯಿತು ಎಂಬುದು ಅದರಲ್ಲಿರುತ್ತದೆ.

ಚೀಟಿಯ ಕೆಳಗೆ ಬರೆಯುವಾಗ ಪೆನ್ನು ಬೇಡ, ಮೆದುವಾದ ಪೆನ್ಸಿಲ್ ಇರಲಿ. ಹೆಸರು, ಬಿಡುಗಡೆಯ ತಾರೀಖು, ಚೀಟಿ ಯಾವ ಕಾಗದದಿಂದ ಬಂತು, ಆ ಕಾಗದವನ್ನು ಯಾರು ಯಾರಿಗೆ ಬರೆದಿದ್ದರು ಎಂಬಷ್ಟು ಸಾಕು. ಇದನ್ನೆಲ್ಲ ಬರೆಯುವುದಕ್ಕೆ ದೀಪಾವಳಿ ಕಳೆದ ಮೇಲಿನ ಒಣ ದಿನಗಳೇ ತಕ್ಕವು, ಹೇಗೂ ಆಗ ಆಲ್ಬಮ್ಮುಗಳನ್ನು ಜಗಲಿಯ ನೆರಳಿನಲ್ಲಿ ಬಿಚ್ಚಿಟ್ಟು ಗಾಳಿಯಾಡಿಸಬೇಕಾಗಿರುತ್ತದೆ.