ಕೆರೆ ಏರಿ ಮೇಲೆ ವಾಕಿಂಗ್ ಹೋಗುವವರಿಗೆ

ಬೆಂಗಳೂರಿನ ಬೆಳ್ಳಂದೂರು, ವರ್ತೂರು ಕಡೆಯವರೇ, ಬೆಳಿಗ್ಗೆ ವಾಕಿಂಗ್ ಹೋದಾಗ ಕೋಡಿ (ಕೆರೆ ತುಂಬಿದಾಗ ಹೆಚ್ಚಿನ ನೀರು ಹೊರಹೋಗುವ ಜಾಗ) ಹತ್ತಿರ ಒಂದು ನಿಮಿಷ ನಿಲ್ಲಿ. ಜೊಂಡು, ಥರ್ಮಾಕೋಲ್, ಎಳನೀರು ಬುರುಡೆ ಸಿಕ್ಕಿಕೊಂಡಿದ್ದರೆ ಫೋಟೊ ತೆಗೆದು ವಾರ್ಡ್ ಎಂಜಿನಿಯರ್‌ಗೆ ಕಳಿಸಿ. ಮಳೆ ಜೋರಾಗುವ ಮುಂಚೆಯೇ ಕಳಿಸಿ, ಆಮೇಲೆ ಅವರ ಫೋನೇ ಸಿಗಲ್ಲ!

ನಮ್ಮ ಕೆರೆಗಳು ಒಂದಕ್ಕೊಂದು ಕೊಂಡಿ. ಬೆಳ್ಳಂದೂರಿನ ನೀರು ವರ್ತೂರಿಗೆ, ಅಲ್ಲಿಂದ ದಕ್ಷಿಣ ಪಿನಾಕಿನಿ ನದಿಗೆ. ನಡುವೆ ಎಲ್ಲಿ ಕಟ್ಟಿಕೊಂಡರೂ ನೀರು ರಸ್ತೆಗೇ ಬರುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋಗಿದ್ದು ನೆನಪಿದೆ ಅಲ್ವಾ?

ಏರಿಯ ಹೊರಮೈಯನ್ನೂ ನೋಡಿ. ತಿಳಿನೀರು ಜಿನುಗಿದರೂ ತಿಳಿಸಿ. ಕೆಸರು ನೀರು ಬರುತ್ತಿದ್ದರೆ ಒಳಗೆ ಮಣ್ಣು ಕೊರೆಯುತ್ತಿದೆ ಅಂತ ಅರ್ಥ, ತಕ್ಷಣ ಹೇಳಿ. ಕೋಡಿ ಹರಿಯುವಾಗ ದಾಟಬೇಡಿ, ಮೊಣಕಾಲುದ್ದ ನೀರೂ ಎಳೆದುಬಿಡುತ್ತದೆ. ಮತ್ತೆ, ಒದ್ದೆ ಏರಿ ಮೇಲೆ ಸುಮ್ನೆ ಬೈಕ್ ಓಡಿಸಬೇಡಿ.