ಸ್ಟೇಟ್ ಫೇರ್‌ಗೆ ಅರ್ಧ ಮೈದಾನ: ನಮ್ಮ ಮನೆಯ ಕ್ರಮ

ಅಮೆರಿಕದ ಮಿನ್ನೆಸೋಟ ರಾಜ್ಯದ ವಾರ್ಷಿಕ ಕೃಷಿ ಜಾತ್ರೆಯಾದ ಸ್ಟೇಟ್ ಫೇರ್‌ನಲ್ಲಿ ವರ್ಷಕ್ಕೆ ಅರ್ಧ ಮೈದಾನವನ್ನು ಮಾತ್ರ ನೋಡೋಣ ಎಂದು ನಾನು ಮೊದಲ ಸಲ ಹೇಳಿದಾಗ ಮನೆಯವರೂ ಒಪ್ಪಲಿಲ್ಲ, ಸ್ನೇಹಿತರೂ ಒಪ್ಪಲಿಲ್ಲ. ಪೂರ್ತಿ ಟಿಕೆಟ್ಟಿನ ಹಣ ಕೊಟ್ಟು ಅರ್ಧಕ್ಕೇ ಹಿಂತಿರುಗುವುದು ಯಾವ ಲೆಕ್ಕ ಎಂದು ಎಲ್ಲರೂ ಕೇಳಿದರು. ಆದರೆ 2017ರಿಂದ, ಕೋವಿಡ್ಡಿನಿಂದಾಗಿ ಫೇರ್ ನಡೆಯದ 2020 ಒಂದನ್ನು ಬಿಟ್ಟು, ಪ್ರತಿವರ್ಷವೂ ನಾವು ಹೀಗೆಯೇ ಹೋಗಿಬಂದಿದ್ದೇವೆ. ಈಗ ನಮ್ಮನ್ನು ನೋಡಿ ಇನ್ನೂ ಮೂರು ಕನ್ನಡ ಕುಟುಂಬಗಳು ಇದೇ ಕ್ರಮವನ್ನು ಹಿಡಿದಿವೆ.

ಅದಕ್ಕೆ ಮೊದಲು ಮೂರು ವರ್ಷ ಸೋತಿದ್ದೇವೆ. 2014ರಲ್ಲಿ ಶನಿವಾರ ಹೋದೆವು. ಮೈದಾನದ ಪಕ್ಕದ ಬೀದಿಯಲ್ಲಿ ಯಾರದೋ ಮನೆಯಂಗಳದಲ್ಲಿ ಕಾರು ನಿಲ್ಲಿಸಲು ಇಪ್ಪತ್ತೈದೋ ಮೂವತ್ತೋ ಡಾಲರ್ ಕೊಟ್ಟೆವು. ಕಣ್ಣಿಗೆ ಬಿದ್ದದ್ದನ್ನೆಲ್ಲ ತಲೆಗೊಂದರಂತೆ ಕೊಂಡು, ಅರ್ಧವನ್ನು ತಿನ್ನಲಾಗದೆ ಎಸೆದೆವು. ಮಧ್ಯಾಹ್ನ ಮೂರರ ಹೊತ್ತಿಗೆ ಅತ್ತೆಯವರ ಪಾದಗಳು ಚಪ್ಪಲಿಯೊಳಗೆ ಹಿಡಿಸದಷ್ಟು ಊದಿಕೊಂಡಿದ್ದವು. ಆ ದಿನ ಮುನ್ನೂರು ಡಾಲರಿಗೂ ಮೇಲೆ ಖರ್ಚಾಯಿತು, ಆದರೆ ನೋಡಿದ್ದೇನೆಂದು ಮರುದಿನ ಕೇಳಿದರೆ ಯಾರಿಗೂ ಸರಿಯಾಗಿ ನೆನಪಿರಲಿಲ್ಲ. ಮರುವರ್ಷ ಜನ ಕಡಿಮೆಯಿರುತ್ತಾರೆಂದು ನಂಬಿ ಕೊನೆಯ ದಿನವಾದ ಲೇಬರ್ ಡೇ ಸಂಜೆ ಹೋದಾಗ ಕೊಟ್ಟಿಗೆಗಳಲ್ಲಿ ಹುಲ್ಲು ಗುಡಿಸುತ್ತಿದ್ದರು. ಮೂರನೆಯ ವರ್ಷ ಅತ್ತೆಯವರಿಗೆ ಬಾಡಿಗೆಯ ಗಾಲಿಕುರ್ಚಿ ತೆಗೆದುಕೊಂಡೆವು. ಅದರಲ್ಲಿ ಕೂರಬೇಕಾಗಿ ಬಂದದ್ದೇ ಅವರಿಗೆ ನೋವಾಯಿತು. ಇನ್ನು ಬರುವುದಿಲ್ಲ ಎಂದುಬಿಟ್ಟರು.

ನಿಜವಾದ ತೊಂದರೆಯೆಂದರೆ ಎಲ್ಲವನ್ನೂ ಒಂದೇ ದಿನದಲ್ಲಿ ನೋಡಿ ಮುಗಿಸಬೇಕೆಂಬ ನಮ್ಮ ಆತುರ ಎಂದು ನನಗೆ ಆಗ ಹೊಳೆಯಿತು. ಮೈದಾನ ಮುನ್ನೂರು ಎಕರೆಗೂ ದೊಡ್ಡದು. ಹನ್ನೆರಡು ದಿನಗಳಲ್ಲಿ ಅಲ್ಲಿಗೆ ಬರುವವರು 2019ರಲ್ಲಿ ಇಪ್ಪತ್ತು ಲಕ್ಷವನ್ನೂ ದಾಟಿದ್ದರು. ಆದ್ದರಿಂದ ಮೈದಾನದೊಳಗೆ ಹಾದುಹೋಗುವ ಡ್ಯಾನ್ ಪ್ಯಾಚ್ ಅವೆನ್ಯೂ ಎಂಬ ಬೀದಿಯನ್ನೇ ಗಡಿಯೆಂದು ಇಟ್ಟುಕೊಂಡೆ. ಒಂದು ವರ್ಷ ಅದರ ದಕ್ಷಿಣಕ್ಕಿರುವ ದನಗಳ ಕೊಟ್ಟಿಗೆ, ಡೇರಿ ಕಟ್ಟಡ, ತೋಟಗಾರಿಕೆಯ ಕಟ್ಟಡಗಳನ್ನು ನೋಡುತ್ತೇವೆ. ಮರುವರ್ಷ ಉತ್ತರಕ್ಕಿರುವ, ಟ್ರ್ಯಾಕ್ಟರುಗಳನ್ನಿಡುವ ಮೆಷಿನರಿ ಹಿಲ್ಲಿಗೂ ಚಿತ್ರಕಲೆಯ ಕಟ್ಟಡಕ್ಕೂ ಹೋಗುತ್ತೇವೆ. ಹೋಗುವುದು ಫೇರ್ ಶುರುವಾಗುವ ಗುರುವಾರ. ಶಾಲೆಗಳು ಇನ್ನೂ ತೆರೆದಿರುವುದಿಲ್ಲ, ಒಂದು ದಿನ ರಜೆ ಹಾಕಿದರೆ ಸಾಕು. ಕಾರನ್ನು ದೂರದಲ್ಲಿ ನಿಲ್ಲಿಸಿ ಬಸ್ಸಿನಲ್ಲಿ ಹೋಗುವ ಉಚಿತ ಪಾರ್ಕ್ ಅಂಡ್ ರೈಡ್‌ನ ಮೊದಲ ಬಸ್ಸನ್ನು ಹಿಡಿದು ಹೋಗಿ ಎರಡು ಗಂಟೆಗೆ ಹೊರಟುಬಿಡುತ್ತೇವೆ. ನಡುವೆ ಅತ್ತೆಯವರು ಒಂದು ಗಂಟೆ ಕಾಲು ಚಾಚಿ ಕೂರುವ ತಂಪಾದ ಜಾಗವೊಂದಿದೆ. ಅದನ್ನು ಹುಡುಕಲು ನನಗೆ ಎರಡು ವರ್ಷ ಹಿಡಿಯಿತು, ಹೀಗಾಗಿ ಅದನ್ನು ಇಲ್ಲಿ ಬರೆಯುವುದಿಲ್ಲ.

ಊಟದ ವಿಷಯಕ್ಕೆ ಬಂದರೆ, ಹೊರಗಿನ ತಿಂಡಿಯನ್ನು ಒಳಗೆ ಬಿಡುತ್ತಾರೆ ಎಂಬುದು ನಮ್ಮವರಲ್ಲಿ ಹಲವರಿಗೆ ಇಂದಿಗೂ ತಿಳಿದಿಲ್ಲ. ಮೊದಲ ಸಲ ಒಯ್ದ ಮೊಸರನ್ನ ಹನ್ನೊಂದು ಗಂಟೆಗೇ ಹುಳಿಯಾಗಿ ಬಾಯಿಗಿಡಲು ಆಗಲಿಲ್ಲ. ಈಗ ಅನ್ನವನ್ನು ಮೆತ್ತಗೆ ಮಾಡಿ, ಹಾಲನ್ನೇ ಧಾರಾಳವಾಗಿ ಹಾಕಿ, ಒಂದೇ ಚಮಚ ಮೊಸರು ಬೆರೆಸಿ, ಆರಿದ ಮೇಲೆ ಒಗ್ಗರಣೆ ಕೊಟ್ಟು ಡಬ್ಬಿಗೆ ತುಂಬುತ್ತೇನೆ. ಹನ್ನೆರಡೂವರೆಗೆ ಮುಚ್ಚಳ ತೆಗೆದರೆ ಹದವಾಗಿ ಹೆಪ್ಪಾಗಿರುತ್ತದೆ. ಜೊತೆಗೆ ಪುಳಿಯೋಗರೆ ಇರುತ್ತದೆ. ಅಲ್ಲಿ ಕೊಳ್ಳುವುದು ಬೆಣ್ಣೆಯಲ್ಲಿ ಅದ್ದಿ ಕೊಡುವ ಸುಟ್ಟ ಜೋಳವನ್ನು, ಮನಸ್ಸು ತಣಿಯುವಷ್ಟು ಕುಡಿಯಬಹುದಾದ ಹಾಲನ್ನು, ಮತ್ತು ಎಲ್ಲರಿಗೂ ಸೇರಿ ಒಂದೇ ಬಕೆಟ್ ಕುಕೀಸನ್ನು. ಜೋಳಕ್ಕೆ ಹಚ್ಚಲು ಉಪ್ಪುಖಾರದ ಪುಟ್ಟ ಡಬ್ಬಿ ನನ್ನ ಚೀಲದಲ್ಲಿರುತ್ತದೆ. ಚೀಸ್ ಕರ್ಡ್ಸ್ ಎಂಬ ಕರಿದ ಚೀಸ್ ತುಣುಕುಗಳನ್ನು ನಾವು ತಿನ್ನುವುದಿಲ್ಲ, ಏಕೆಂದರೆ ಹಾಲು ಒಡೆಸಲು ಯಾವ ರೆನೆಟ್ (ಕರುವಿನ ಹೊಟ್ಟೆಯಿಂದಲೂ ತೆಗೆಯುವ ಕಿಣ್ವ) ಬಳಸಿದ್ದಾರೆಂದು ಕೇಳಿದರೆ ಅಂಗಡಿಯವರಿಂದ ಖಚಿತವಾದ ಉತ್ತರ ಸಿಗಲಿಲ್ಲ. ನಾಲ್ವರು ಹಿರಿಯರು, ಇಬ್ಬರು ಮಕ್ಕಳು ಹೋದರೂ ಮುಂಗಡ ಟಿಕೆಟ್ಟೂ ಸೇರಿ ಈಗ ಸುಮಾರು ನೂರ ನಲವತ್ತು ಡಾಲರಿನಲ್ಲಿ ದಿನ ಮುಗಿಯುತ್ತದೆ.

ಈ ಕ್ರಮವನ್ನು ಮುರಿದದ್ದು ಒಂದೇ ಸಲ, ನನ್ನ ತಂದೆ ದೊಡ್ಡಬಳ್ಳಾಪುರದಿಂದ ಬಂದಿದ್ದ ವರ್ಷ. ಅದು ಉತ್ತರದ ಸರದಿಯಾಗಿತ್ತು. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ನಲವತ್ತು ವರ್ಷ ಎತ್ತು ಕಟ್ಟಿದವರು ಟ್ರ್ಯಾಕ್ಟರುಗಳನ್ನು ನೋಡಲು ಒಪ್ಪುವರೇ? ಸರದಿಯನ್ನು ಅದಲುಬದಲು ಮಾಡಿಕೊಂಡೆವು. ಮೊದಲ ನಾಲ್ಕು ದಿನ ಕೊಟ್ಟಿಗೆಯಲ್ಲಿ ಫೋರ್-ಎಚ್ ಎಂಬ ಯುವಸಂಘದ ಮಕ್ಕಳು ಸಾಕಿದ ದನಗಳಿರುತ್ತವೆ. ಹದಿನಾಲ್ಕರ ಹುಡುಗಿಯೊಬ್ಬಳು ತನ್ನ ಹೋಲ್‌ಸ್ಟೀನ್ ಹಸುವಿನ ಮೈಯನ್ನು ಬ್ರಷ್ಷಿನಿಂದ ಉಜ್ಜುತ್ತಿದ್ದಳು. ತಂದೆ ಸನ್ನೆಯಲ್ಲೇ ಅವಳ ಅನುಮತಿ ಕೇಳಿ, ಹೆಬ್ಬೆರಳಿನಿಂದ ಹಸುವಿನ ಕೆಳದುಟಿಯನ್ನು ಬಗ್ಗಿಸಿ ನೋಡಿ, "ಇನ್ನೂ ಬಾಯಿಗೂಡಿಲ್ಲ ಕಣಮ್ಮ, ದೊಡ್ಡ ಹಲ್ಲು ನಾಲ್ಕೇ ಬಂದಿವೆ, ಮೂರು ವರ್ಷದೊಳಗಿನದು" ಎಂದರು. ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಹುಡುಗಿ ಬ್ರಷ್ಷನ್ನು ಕೆಳಗಿಟ್ಟು ಅವರನ್ನೇ ನೋಡಿದಳು. ಹಸುವಿಗೆ ಎರಡು ವರ್ಷ ಒಂಬತ್ತು ತಿಂಗಳಾಗಿತ್ತು. ದಿನಕ್ಕೆ ಎಪ್ಪತ್ತು ಪೌಂಡ್ ಹಾಲು ಎಂದು ಅವಳು ಹೇಳಿದ್ದನ್ನು ನಾನು ಲೀಟರಿಗೆ ತಂದು ಮೂವತ್ತರ ಮೇಲೆ ಎಂದೆ. ತಂದೆ ನಂಬದೆ ಮತ್ತೊಮ್ಮೆ ಕೇಳಿಸಿದರು, ಆಮೇಲೆ ಕೆಚ್ಚಲಿನ ನರಗಳನ್ನು ಬಗ್ಗಿ ನೋಡಿ ಸುಮ್ಮನಾದರು.

ಡೇರಿ ಕಟ್ಟಡದಲ್ಲಿ, ತಿರುಗುವ ಗಾಜಿನ ತಂಪುಕೋಣೆಯಲ್ಲಿ ಚಳಿಯಂಗಿ ತೊಟ್ಟು ಕುಳಿತ ಯುವತಿಯ ಮುಖವನ್ನು ಸುಮಾರು ನಲವತ್ತು ಕಿಲೋ ಬೆಣ್ಣೆಯ ಗಡ್ಡೆಯಲ್ಲಿ ಕೆತ್ತುವುದನ್ನು ಅವರು ಒಂದು ಗಂಟೆ ನಿಂತು ನೋಡಿದರು. 1965ರಿಂದಲೂ ಹೀಗೆ ಕೆತ್ತುತ್ತಾರೆ ಎಂದಾಗ, ಕೆತ್ತಿ ತೆಗೆದ ಬೆಣ್ಣೆಯನ್ನು ಏನು ಮಾಡುತ್ತಾರೆಂದು ವಿಚಾರಿಸಿದರು.

ನಡುವೆ ಮಗಳು ಫೇರಿನಲ್ಲೇ ನಡೆಯುವ, ಬೀಜಗಳನ್ನು ಅಂಟಿಸಿ ಚಿತ್ರ ಮಾಡುವ ಸ್ಪರ್ಧೆಗೂ ಕೈ ಹಾಕಿದ್ದಾಳೆ. ಮೊದಲ ಸಲ ರಾಗಿಯಿಂದ ನವಿಲೊಂದನ್ನು ತುಂಬಿದಳು. ಮಿನ್ನೆಸೋಟದಲ್ಲಿ ಬೆಳೆಯುವ ಬೆಳೆಗಳ ಬೀಜವೇ ಆಗಬೇಕೆಂಬ ನಿಯಮವನ್ನು ನಾವು ಓದಿರಲಿಲ್ಲ. ಅದರ ಮೇಲೆ ಅಂಟಿನ ತೇವಕ್ಕೆ ರಟ್ಟು ಬಿಲ್ಲಿನಂತೆ ಬಾಗಿತು. ಈ ಸಲ ಪ್ಲೈವುಡ್ಡಿನ ಮೇಲೆ ಅಗಸೆ, ಸಾಸಿವೆ, ಸೋಯಾ ಬೀಜಗಳಿಂದ ಅದೇ ನವಿಲನ್ನು ಮತ್ತೆ ಮಾಡುತ್ತಿದ್ದಾಳೆ. ಅಂಟಿಗೆ ಏನು ಬೆರೆಸಿದ್ದಾಳೆಂಬುದನ್ನು ಫಲಿತಾಂಶ ಬರುವವರೆಗೆ ಯಾರಿಗೂ ಹೇಳಬಾರದೆಂದು ನನ್ನಿಂದ ಮಾತು ತೆಗೆದುಕೊಂಡಿದ್ದಾಳೆ. ನವಿಲಿನ ಕುತ್ತಿಗೆಯವರೆಗೆ ಮುಗಿದಿದೆ, ಗರಿಗಳು ಬಾಕಿ ಇವೆ.