ಆಸ್ಬೆಸ್ಟಾಸ್ ತೆಗೆಯುವವರ ಲೈಸೆನ್ಸ್ ಅಸಲಿಯೇ? ಪತ್ತೆ ಮಾಡುವುದು ಹೇಗೆ, ದೂರು ಕೊಡುವುದು ಹೇಗೆ

ಹಳೇ ಕಟ್ಟಡ ಕೆಡವಬೇಕು. ಅದಕ್ಕೂ ಮೊದಲು ಪೈಪುಗಳಿಗೆ ಸುತ್ತಿದ ಆಸ್ಬೆಸ್ಟಾಸ್ ತೆಗೆಸಬೇಕು. ಮೂವರು ಗುತ್ತಿಗೆದಾರರು ದರ ಹೇಳುತ್ತಾರೆ. ಒಬ್ಬರದು ಮಾತ್ರ ಉಳಿದವರ ಅರ್ಧಕ್ಕಿಂತ ಕಡಿಮೆ. ‘ನಾಳೆಯೇ ಶುರು ಮಾಡ್ತೀನಿ’ ಎಂಬ ಭರವಸೆ ಬೇರೆ. ಲೈಸೆನ್ಸ್ ಕೇಳಿದರೆ ಒಂದು ಜೆರಾಕ್ಸ್ ಪ್ರತಿ ಕೈಗಿಡುತ್ತಾರೆ. ಆಸೆ ಆಗುವುದು ಸಹಜ. ಆದರೆ ಇಲ್ಲಿ ಮೋಸ ಹೋದರೆ ಹೋಗುವುದು ದುಡ್ಡು ಮಾತ್ರ ಅಲ್ಲ.

ಆಸ್ಬೆಸ್ಟಾಸ್ ನಾರು ಕಣ್ಣಿಗೆ ಕಾಣದಷ್ಟು ಸಣ್ಣದು. ಉಸಿರಿನ ಜೊತೆ ಒಳಗೆ ಹೋದರೆ ಅಲ್ಲೇ ಉಳಿದುಬಿಡಬಹುದು. ಅದರಿಂದ ಬರುವ ಮೆಸೊಥೆಲಿಯೋಮಾ ಎಂಬ ಕ್ಯಾನ್ಸರ್ ಕಾಣಿಸಿಕೊಳ್ಳಲು ಸಾಮಾನ್ಯವಾಗಿ 20ರಿಂದ 50 ವರ್ಷ ಹಿಡಿಯುತ್ತದೆ. ಅಷ್ಟು ಹೊತ್ತಿಗೆ ಯಾವ ಕಟ್ಟಡದ ಧೂಳು, ಯಾರ ತಪ್ಪು ಎಂದು ತೋರಿಸುವುದು ಬಹಳ ಕಷ್ಟ. ಅದಕ್ಕೇ ಕಾನೂನು ಕಾಯಿಲೆ ಬರುವವರೆಗೆ ಕಾಯುವುದಿಲ್ಲ. ಲೈಸೆನ್ಸ್ ಇಲ್ಲದೆ ಕೆಲಸ ಮಾಡುವುದು, ಸುಳ್ಳು ಕಾಗದ ತೋರಿಸುವುದು, ಇವೇ ಅಪರಾಧ. ‘ಬರೀ ಪೇಪರ್ ವಿಷಯ ತಾನೇ’ ಅನ್ನುವವರಿದ್ದಾರೆ. ಈ ಕಸುಬಿನಲ್ಲಿ ಜನರ ಜೀವ ಕಾಯುವುದು ಆ ಪೇಪರೇ ಎಂದು ನಾನು ನಂಬಿದ್ದೇನೆ.

ನಿಯಮ ದೇಶದಿಂದ ದೇಶಕ್ಕೆ ಬೇರೆ. ಪರೀಕ್ಷಿಸುವ ದಾರಿ ಮಾತ್ರ ಹೆಚ್ಚುಕಡಿಮೆ ಒಂದೇ. ಉದಾಹರಣೆಗೆ ಅಮೆರಿಕ ಮತ್ತು ಬ್ರಿಟನ್ ತೆಗೆದುಕೊಳ್ಳೋಣ.

ಮೊದಲು ಹೆಸರು, ಆಮೇಲೆ ತಾರೀಖು

ಗುತ್ತಿಗೆದಾರ ಕೊಟ್ಟ ಪ್ರತಿಯನ್ನು ನಂಬಬೇಡಿ. ಲೈಸೆನ್ಸ್ ಕೊಡುವ ಇಲಾಖೆಯ ಪಟ್ಟಿಯಲ್ಲೇ ಹೆಸರು ಹುಡುಕಿ. ಬ್ರಿಟನ್ನಿನಲ್ಲಿ ಎಚ್‌ಎಸ್‌ಇ ಎಂಬ ಸುರಕ್ಷತಾ ಸಂಸ್ಥೆ ಲೈಸೆನ್ಸ್ ಪಡೆದವರ ಪಟ್ಟಿಯನ್ನು ಆನ್‌ಲೈನ್‌ನಲ್ಲೇ ಇಟ್ಟಿದೆ. ಕಂಪನಿಯ ಹೆಸರು ಅಕ್ಷರಕ್ಕೆ ಅಕ್ಷರ ಹೊಂದಬೇಕು, ಅವಧಿ ಮುಗಿದಿರಬಾರದು. ಎಲ್ಲ ಕೆಲಸಕ್ಕೂ ಲೈಸೆನ್ಸ್ ಬೇಕಿಲ್ಲ ಎಂಬುದೂ ಗೊತ್ತಿರಲಿ. ಅಲ್ಲಿ ಪೈಪಿನ ಹೊದಿಕೆ, ಗೋಡೆಗೆ ಸಿಂಪಡಿಸಿದ ಪದರದಂಥ ಸುಲಭವಾಗಿ ಉದುರುವ ವಸ್ತುವಿಗೆ ಲೈಸೆನ್ಸ್ ಕಡ್ಡಾಯ. ಗಟ್ಟಿಯಾದ ಸಿಮೆಂಟ್ ಶೀಟಿಗೆ ಸಾಮಾನ್ಯವಾಗಿ ಬೇಡ.

ಕಂಪನಿಯ ಲೈಸೆನ್ಸ್ ಸರಿಯಿದ್ದರೂ ಕೆಲಸಗಾರರ ತರಬೇತಿ ಪತ್ರ ನೋಡಿ. ಮ್ಯಾಸಚೂಸೆಟ್ಸ್‌ನಲ್ಲಿ ಆಸ್ಬೆಸ್ಟಾಸ್ ತರಬೇತಿ ಶಾಲೆ ನಡೆಸುತ್ತಿದ್ದ ಒಬ್ಬ ಮಹಿಳೆ ಪಾಠವನ್ನೇ ಕೇಳದವರಿಗೆ ಪ್ರಮಾಣಪತ್ರ ಮಾರುತ್ತಿದ್ದರು. 2008ರಲ್ಲಿ ಅಪರಾಧ ಸಾಬೀತಾಯಿತು. ಶಿಕ್ಷೆ ಪ್ರಕಟವಾಗುವ ಮೊದಲೇ ಆಕೆ ಪರಾರಿಯಾದರು. 2010ರಲ್ಲಿ ಡೊಮಿನಿಕನ್ ರಿಪಬ್ಲಿಕ್‌ನಲ್ಲಿ ಸಿಕ್ಕಿಬಿದ್ದರು, 87 ತಿಂಗಳ ಜೈಲಾಯಿತು. ಆ ಪತ್ರ ಹಿಡಿದು ಧೂಳಿನ ನಡುವೆ ಇಳಿದವರಿಗೆ ಮಾಸ್ಕ್ ಸರಿಯಾಗಿ ಹಾಕುವುದನ್ನೂ ಯಾರೂ ಕಲಿಸಿರಲಿಲ್ಲ ಅಂದರೆ ಹೊಟ್ಟೆ ಉರಿಯುತ್ತದೆ.

ಇನ್ನು ತಾರೀಖು. ಬ್ರಿಟನ್ನಿನಲ್ಲಿ ಲೈಸೆನ್ಸ್ ಬೇಕಾದ ಕೆಲಸಕ್ಕೆ 14 ದಿನ ಮೊದಲು ಇಲಾಖೆಗೆ ತಿಳಿಸಬೇಕು. ಅಮೆರಿಕದಲ್ಲಿ ದೊಡ್ಡ ಕೆಲಸಗಳಿಗೆ, ಕಟ್ಟಡ ಕೆಡವುವುದಕ್ಕೆ, ಕೆಲಸದ ದಿನಗಳ ಲೆಕ್ಕದಲ್ಲಿ 10 ದಿನ ಮೊದಲು ನೋಟಿಸ್ ಕೊಡಬೇಕು. ಹಾಗಿದ್ದ ಮೇಲೆ ‘ನಾಳೆಯೇ ಶುರು’ ಹೇಗೆ ಸಾಧ್ಯ? ಕಳಿಸಿದ ನೋಟಿಸಿನ ಪ್ರತಿ ಕೇಳಿ. ತಡಬಡಾಯಿಸಿದರೆ ಅಲ್ಲಿಗೇ ನಿಲ್ಲಿಸಿ.

ಕೆಲಸದ ದಿನ ನೀರು ಕಾಣಬೇಕು

ಆಸ್ಬೆಸ್ಟಾಸನ್ನು ತೇವ ಮಾಡದೆ ಕೀಳುವಂತಿಲ್ಲ. ಒಣಗಿದ್ದಾಗ ಕಿತ್ತರೆ ನಾರೆಲ್ಲ ಗಾಳಿಗೆ ಹಾರುತ್ತದೆ. ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿದ ಜಾಗ, ಗಾಳಿ ಒಳಗೆ ಎಳೆದು ಸೋಸಿ ಬಿಡುವ ಯಂತ್ರ, ಹೊರಬರುವವರು ಸ್ನಾನ ಮಾಡುವ ಕೋಣೆ, ಲೇಬಲ್ ಅಂಟಿಸಿದ ಚೀಲ ಇದ್ದರೆ ಕೆಲಸ ಗೊತ್ತಿರುವವರು ಎನ್ನಬಹುದು. ಒಣ ಚೂರುಗಳು ನೆಲದ ಮೇಲೆ ಬಿದ್ದಿದ್ದು, ಪೊರಕೆಯಲ್ಲಿ ಗುಡಿಸುತ್ತಿದ್ದರೆ ಹೊರಗಿನಿಂದಲೇ ಫೋಟೊ ತೆಗೆಯಿರಿ. ಒಳಗೆ ಹೋಗಬೇಡಿ.

ಗಾಳಿ ಪರೀಕ್ಷೆ ಮಾಡಿದ್ದು ಯಾರು?

ಎಲ್ಲಕ್ಕಿಂತ ಜಾಸ್ತಿ ಗಮನ ಕೊಡಬೇಕಾದ ಜಾಗ ಇದು. ಕೆಲಸ ಮುಗಿದ ಮೇಲೆ ಗಾಳಿಯ ಮಾದರಿ ತೆಗೆದು, ನಾರು ಎಣಿಸಿ, ಜನ ಒಳಗೆ ಬರಬಹುದು ಎಂದು ಪತ್ರ ಕೊಡುತ್ತಾರೆ. ಬ್ರಿಟನ್ನಿನಲ್ಲಿ ಇದಕ್ಕೆ ನಾಲ್ಕು ಹಂತದ ಪರೀಕ್ಷೆ ಇದೆ. ಒಂದು ಮಿಲಿಲೀಟರ್ ಗಾಳಿಯಲ್ಲಿ 0.01 ನಾರಿಗಿಂತ ಕಡಿಮೆ ಇರಬೇಕು. ತೆಗೆದವರೇ ಪರೀಕ್ಷೆಯನ್ನೂ ಮಾಡಿದರೆ ಕಳ್ಳನ ಕೈಗೆ ಕೀಲಿ ಕೊಟ್ಟಂತೆ.

ನ್ಯೂಯಾರ್ಕ್ ರಾಜ್ಯದಲ್ಲಿ ಆಗಿದ್ದೂ ಅದೇ. ತಂದೆ-ಮಗ ನಡೆಸುತ್ತಿದ್ದ ಕಂಪನಿಯೊಂದು ಶಾಲೆ, ಆಸ್ಪತ್ರೆಗಳಲ್ಲೂ ಆಸ್ಬೆಸ್ಟಾಸ್ ತೆಗೆಯುವ ಗುತ್ತಿಗೆ ಹಿಡಿಯುತ್ತಿತ್ತು. ಒಣಗಿದ್ದನ್ನೇ ಕಿತ್ತುಹಾಕಿ ಓಡುವುದು ಅದರ ಪದ್ಧತಿ. ಗಾಳಿ ಶುದ್ಧವಾಗಿದೆ ಎಂದು ಪತ್ರ ಕೊಡುತ್ತಿದ್ದ ಪ್ರಯೋಗಾಲಯ ಬೇರೆಯವರದು ಎಂದೇ ಎಲ್ಲರೂ ನಂಬಿದ್ದರು. ಅದರಲ್ಲಿ ಇವರಿಗೇ ಗುಟ್ಟಾಗಿ ಪಾಲಿತ್ತು. ಸುಳ್ಳು ಫಲಿತಾಂಶಗಳ ರಾಶಿಯೇ ಹೊರಬಂತು. 2004ರಲ್ಲಿ ಮಗನಿಗೆ 25 ವರ್ಷ, ತಂದೆಗೆ 19 ವರ್ಷ 6 ತಿಂಗಳು ಜೈಲು ಶಿಕ್ಷೆಯಾಯಿತು. ಹಾಗಾಗಿ ಪ್ರಯೋಗಾಲಯವನ್ನು ನೀವೇ ಆರಿಸಿ, ದುಡ್ಡು ನೀವೇ ಕೊಡಿ, ವರದಿ ನೇರವಾಗಿ ನಿಮಗೇ ಬರಲಿ.

ಕಿತ್ತ ಆಸ್ಬೆಸ್ಟಾಸ್ ಎಲ್ಲಿಗೆ ಹೋಯಿತು ಎಂದು ತೋರಿಸುವ ತ್ಯಾಜ್ಯದ ಚೀಟಿಯನ್ನೂ ಬಿಡಬೇಡಿ. ಅಮೆರಿಕದಲ್ಲಿ ತ್ಯಾಜ್ಯ ಹೂಳುವ ಜಾಗದವರು ಸಹಿ ಮಾಡಿದ ಚೀಟಿ 35 ದಿನದೊಳಗೆ ವಾಪಸ್ ಬಾರದಿದ್ದರೆ ವಿಚಾರಿಸಬೇಕು. 45 ದಿನ ಕಳೆದರೂ ಬಾರದಿದ್ದರೆ ಇಲಾಖೆಗೆ ತಿಳಿಸಬೇಕು. ಈ ಹೊಣೆ ಕಟ್ಟಡದ ಮಾಲೀಕರ ಮೇಲೂ ಬೀಳಬಹುದು.

ದೂರಿನ ನಂತರ ಏನಾಗುತ್ತದೆ?

ದೂರಿನಲ್ಲಿ ಸಿಟ್ಟಿಗಿಂತ ವಿವರ ಇರಲಿ. ವಿಳಾಸ, ತಾರೀಖು, ಹೊತ್ತು, ವಾಹನದ ನಂಬರ್, ಕಂಪನಿಯ ಹೆಸರು, ಫೋಟೊ, ಕೊಟ್ಟ ಕಾಗದಗಳ ಪ್ರತಿ, ಇಷ್ಟು ಸಾಕು. ಲೈಸೆನ್ಸ್ ಕೊಡುವ ಇಲಾಖೆಗೇ ಕೊಡಿ. ಅಮೆರಿಕದ ಪರಿಸರ ಸಂಸ್ಥೆ ಇಪಿಎಗೆ ತನ್ನದೇ ಅಪರಾಧ ತನಿಖಾ ವಿಭಾಗವಿದೆ. ಅದರ ಅಧಿಕಾರಿಗಳಿಗೆ ಬಂಧಿಸುವ ಅಧಿಕಾರವೂ ಇದೆ.

ಎಲ್ಲ ತಪ್ಪಿಗೂ ಜೈಲಿಲ್ಲ. ಗೊತ್ತಿದ್ದೂ ಮಾಡಿದರೇ ಎಂಬುದನ್ನು ತನಿಖೆ ಮಾಡುವವರು ನೋಡುತ್ತಾರೆ. ‘ಕಾನೂನು ಗೊತ್ತಿರಲಿಲ್ಲ’ ಎಂಬ ಮಾತು ಸಾಮಾನ್ಯವಾಗಿ ನಡೆಯದು. ಅದು ಆಸ್ಬೆಸ್ಟಾಸ್ ಅಂತ ಗೊತ್ತಿತ್ತೇ ಎಂಬುದೇ ಪ್ರಶ್ನೆ. ಅಮೆರಿಕದ ವಾಯುಶುದ್ಧಿ ಕಾನೂನಿನಡಿ ಗೊತ್ತಿದ್ದೂ ನಿಯಮ ಮುರಿದರೆ 5 ವರ್ಷದವರೆಗೆ, ಬೇರೆಯವರ ಜೀವಕ್ಕೆ ಅಪಾಯ ಎಂದು ತಿಳಿದೂ ವಿಷ ಹರಡಿದರೆ 15 ವರ್ಷದವರೆಗೆ ಜೈಲು. ಬ್ರಿಟನ್ನಿನಲ್ಲಿ 2 ವರ್ಷದವರೆಗೆ ಜೈಲು, ದಂಡಕ್ಕೆ ಮಿತಿಯೇ ಇಲ್ಲ.

ಒಳಗಿನ ಸತ್ಯ ಗೊತ್ತಿರುವುದು ಕೆಲಸಗಾರರಿಗೆ. ನೀವು ಅವರಲ್ಲೊಬ್ಬರಾದರೆ, ಯಾವ ದಿನ ಯಾವ ಕಟ್ಟಡದಲ್ಲಿ ಕೆಲಸ ಮಾಡಿದಿರಿ, ನೀರು ಕೊಟ್ಟರೇ, ಮಾಸ್ಕ್ ಕೊಟ್ಟರೇ ಎಂದು ಪುಸ್ತಕದಲ್ಲಿ ಬರೆದಿಡಿ. ಸಂಬಳದ ಚೀಟಿ ಎಸೆಯಬೇಡಿ. ಬ್ರಿಟನ್ನಿನ ಕಾನೂನು ಇಂಥವರ ಆರೋಗ್ಯದ ದಾಖಲೆಯನ್ನು 40 ವರ್ಷ ಇಡಿ ಎಂದು ಮಾಲೀಕರಿಗೆ ಹೇಳುತ್ತದೆ. ನಿಮ್ಮ ಹತ್ತಿರವೂ ಒಂದು ಪ್ರತಿ ಇರಲಿ. ಯಾರಾದರೂ ಈಗಲೇ ಒಣ ಆಸ್ಬೆಸ್ಟಾಸ್ ಕೀಳುತ್ತಿರುವುದು ಕಂಡರೆ ದೂರು ಬರೆಯುತ್ತಾ ಕೂರಬೇಡಿ. ಇಲಾಖೆಗೆ ಫೋನ್ ಮಾಡಿ, ಜನರನ್ನು ಆಚೆ ಕಳಿಸಿ. ಬಿದ್ದಿರುವ ಚೂರನ್ನು ಸಾಕ್ಷಿಗೆಂದು ನೀವೇ ಎತ್ತಿಕೊಳ್ಳಬೇಡಿ, ಮಾದರಿ ತೆಗೆಯುವುದು ತರಬೇತಿ ಇರುವವರ ಕೆಲಸ.